ತಿರುಗುವಾಗ ಒಡೆದ ಜೋಡಿ

ಅವ್ವ ತೀರಿಕೊಂಡು ಮೂರು ತಿಂಗಳಾದರೂ ಅಪ್ಪ ಆದವಾನಿಯ ಹತ್ತಿ ಮಾರ್ಕೆಟ್ ಯಾರ್ಡಿನತ್ತ ತಲೆ ಹಾಕಿರಲಿಲ್ಲ. ಮೂವತ್ತು ವರ್ಷ ಹತ್ತಿ ಕೊಂಡ ಮನುಷ್ಯ. ರಾಶಿಯಿಂದ ಒಂದು ಹಿಡಿ ಕಿತ್ತು, ಹೆಬ್ಬೆರಳುಗಳ ನಡುವೆ ಎಳೆದೆಳೆದು, ಎಳೆಗಳನ್ನು ಕಪ್ಪು ಬಟ್ಟೆಯ ಮೇಲೆ ಗಿಡ್ಡದರಿಂದ ಉದ್ದಕ್ಕೆ ಸಾಲಾಗಿ ಇಟ್ಟನೆಂದರೆ ಆ ಹತ್ತಿಯ ಜಾತಕ ಹೇಳಿಬಿಡುತ್ತಿದ್ದ. ಮಿಕ್ಕ ಹತ್ತಿ ಅಂಗಿಯ ಜೇಬಿಗೆ. ಒಗೆಯುವ ಮುಂಚೆ ಅದನ್ನು ತೆಗೆಯುವುದು ಅವ್ವನ ಕೆಲಸ. “ಯಾರ್ಡೆಲ್ಲಾ ಮನಿಗಿ ತಂದೀರೇನ್ರಿ?” ಎಂದು ದಿನಾ ಬೈಯುತ್ತಿದ್ದಳು. ಈಗ ಅಂಗಿಗಳು ಗೂಟದ ಮೇಲೇ ಇದ್ದವು. ಅಪ್ಪ ಎದ್ದು ಹೊರಗೆ ಹೋದರೆ ಸಾಕೆಂದು ನಾನು ಬೇಡದ ದೇವರಿಲ್ಲ.

ಸಮಾಧಾನ ಹೇಳುವ ವಿದ್ಯೆ ನನ್ನದಲ್ಲ. ನನ್ನ ಸಂಶೋಧನೆ ಭಾರವಾದ ಪರಮಾಣುಗಳ ನ್ಯೂಕ್ಲಿಯಸ್ ಮೇಲೆ. ಅವುಗಳಲ್ಲಿ ಕೆಲವು ಗುಂಡಗಿರುವುದಿಲ್ಲ, ತೆಂಗಿನಕಾಯಿಯಂತೆ ಉದ್ದಕ್ಕಿರುತ್ತವೆ. ಪ್ರಯೋಗಾಲಯದಲ್ಲಿ ಗಿರ್ರನೆ ತಿರುಗಿಸಿಬಿಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ, ಮೆಟ್ಟಿಲಿಗೊಂದು ಗಾಮಾ ಕಿರಣ ಬಿಡುತ್ತವೆ. ಆ ಕಿರಣಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿದರೆ ನ್ಯೂಕ್ಲಿಯಸ್ ಹೇಗೆ ತಿರುಗಿತೆಂದು ತಿಳಿಯುತ್ತದೆ. ಹತ್ತಿಯವನ ಮಗಳಲ್ಲವೇ, ನಾನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಿದ್ದೆ. ಗೈಡ್ ಹಾಳೆಯನ್ನೇ ವಾಪಸು ಕಳಿಸಿದರು. ಅಳತೆ ನೋಡಬೇಡ, ಯಾವ ಕಿರಣ ಎಷ್ಟು ಸಲ ಸಿಕ್ಕಿದೆ ನೋಡು ಎಂದು ಅಂಚಿನಲ್ಲಿ ಬರೆದಿದ್ದರು.

ಆ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಅದನ್ನೇ ತಿದ್ದುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತ.

“ಏನ್ ತಪ್ಪಾತವ್ವಾ?”

“ನಿನ್ನಂಗ ಗಿಡ್ಡದರಿಂದ ಉದ್ದಕ್ಕ ಇಟ್ಟಿದ್ನಪ್ಪಾ. ನಡುವ ಒಂದು ಕಡೆ ಅಳತಿ ಹಿಂದಕ್ಕ ಬರಬೇಕಿತ್ತು.”

“ಯಾಕ?”

ಹೇಳಿದೆ. ಒಳಗಿನ ಕಣಗಳು ಎರಡೆರಡು ಜೋಡಿಯಾಗಿರುತ್ತವೆ. ಒಂದರ ಸುತ್ತನ್ನು ಇನ್ನೊಂದು ಸರಿದೂಗಿಸುತ್ತದೆ. ವೇಗ ಮಿತಿ ಮೀರಿದರೆ ಒಂದು ಜೋಡಿ ಒಡೆಯುತ್ತದೆ. ಬಿಡಿಯಾದ ಎರಡೂ ನ್ಯೂಕ್ಲಿಯಸ್ ತಿರುಗುವ ಕಡೆಗೇ ತಿರುಗಿ, ಆ ತಿರುಗುವಿಕೆಯ ಭಾರದಲ್ಲಿ ಪಾಲು ಹೊರುತ್ತವೆ. ಆಗ ಇಡೀ ನ್ಯೂಕ್ಲಿಯಸ್ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ಕಿರಣದ ಅಳತೆಯೂ ಇಳಿಯುತ್ತದೆ.

ಅಪ್ಪ ಹಾಳೆಯ ಮೇಲೆ ಬೆರಳಿಟ್ಟ. “ಜೋಡಿ ಒಡದ ಮ್ಯಾಲ ನಿಂತೇ ಹೋಗತೈತೇನು?”

“ಇಲ್ಲಪ್ಪಾ, ತಿರುಗತೈತಿ.”

“ಒಡದಿದ್ದು ಮತ್ತ ಕೂಡತೈತೇನು?”

ಅವನು ಕೇಳುತ್ತಿದ್ದುದು ನ್ಯೂಕ್ಲಿಯಸ್ಸಿನ ಮಾತಾಗಿರಲಿಲ್ಲ. ಕೂಡುತ್ತದೆ ಎಂದರೆ ಅವ್ವನ ಹಿಂದೆಯೇ ಹೊರಟುಬಿಡುತ್ತಾನೇನೋ ಎಂದು ಭಯ. ಇಲ್ಲ ಎಂದರೆ ಸುಳ್ಳು. ತೂಕಕ್ಕೆಂದು ಹತ್ತಿಗೆ ನೀರು ಚಿಮುಕಿಸಿದವರ ಮುಖವನ್ನು ಮತ್ತೆಂದೂ ನೋಡದ ಮನುಷ್ಯನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಕೂಡತೈತಪ್ಪಾ. ಆದ್ರ ಇಳಕೋತ ಬಂದು, ತಿರುಗೋದು ಕಮ್ಮಿ ಆದ ಮ್ಯಾಲ. ನಡುವಿನ ಮೆಟ್ಲು ಒಂದೂ ಬಿಡಾಂಗಿಲ್ಲ.”

“ಸರೇ,” ಎಂದ. “ಹಂಗಾದ್ರ ಇರೋ ಮೆಟ್ಲೆಲ್ಲಾ ಇಳೀಬೇಕಲ್ಲ.”

ಎದ್ದು ಗೂಟದ ಅಂಗಿ ತೊಟ್ಟ. ಕಪ್ಪು ಬಟ್ಟೆ ಎಲ್ಲಿದೆ ಎಂದು ಕೇಳಿ, ಮಡಿಸಿಕೊಂಡು ಹೋದ.

ಮರುದಿನ ಆ ಅಂಗಿ ಒಗೆಯಲು ತೆಗೆದರೆ ಜೇಬಿನ ತುಂಬ ಹತ್ತಿ. “ಯಾರ್ಡೆಲ್ಲಾ ಮನಿಗಿ ತಂದೀಯೇನಪ್ಪಾ?” ಎಂದು ಒಳಗೆ ಕೇಳುವಂತೆ ಕೂಗಿದೆ. ಕೂಗಿದವಳು ಒಗೆಯುವ ಕಲ್ಲಿನ ಮೇಲೆ ಕೂತು, ಅವ್ವ ಹೋದ ದಿನವೂ ಅಳದಷ್ಟು ಅತ್ತೆ.