ಎಡಗಿವಿಗೆ ಹಾಡಿದ ಹಾಡು

ಆ ಡಿಸೆಂಬರ್‌ನಲ್ಲಿ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ನಮ್ಮ ಕ್ಯಾರಲ್ ತಂಡ ಮೂವತ್ತೊಂದು ಮನೆಗಳಿಗೆ ಹೋಯಿತು. ಗಜೇಂದ್ರಗಡದಲ್ಲಿ ಹದಿನಾಲ್ಕು, ರೋಣದಲ್ಲಿ ಹತ್ತು, ನರಗುಂದದಲ್ಲಿ ಏಳು. ಇಪ್ಪತ್ತೆರಡು ಮನೆಯವರು ಒಂದೇ ಹಾಡು ಕೇಳಿದರು. ಇದೆಲ್ಲ ನನ್ನ ಡೈರಿಯಲ್ಲಿದೆ. ರೋಣದ ಒಂದು ಲ್ಯಾಬಿನಲ್ಲಿ ರಕ್ತಕಣ ಎಣಿಸುವುದು ನನ್ನ ಕೆಲಸ. ಎಣಿಸುವ ಚಟ ಮನೆಗೂ ಚರ್ಚಿಗೂ ನನ್ನ ಹಿಂದೆಯೇ ಬಂದಿದೆ. ಸಭೆಯ ಹಾಜರಿ ಪುಸ್ತಕ, ಹಾಡುಗಳ ಪಟ್ಟಿ ಎರಡೂ ಆಗ ನನ್ನ ಕೈಯಲ್ಲಿದ್ದವು.

ಎಲ್ಲರೂ ಕೇಳಿದ ಆ ಹಾಡನ್ನು ಕಟ್ಟಿ ಹಾಡಿದವನು ನರಗುಂದದವನು. ಈ ಕಡೆಯ ಸಭೆಗಳಲ್ಲೆಲ್ಲ ಅವನ ಹೆಸರಿದೆ. ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ, ಚರ್ಚಿನ ಮೆಟ್ಟಿಲು ಹತ್ತದವರು ಕೂಡ, ಮೊಬೈಲಿನಲ್ಲಿ ಅವನ ಹಾಡು ಹಾಕಿಕೊಂಡು ಸೀರೆ ನೇಯುತ್ತಾರೆ. ಅವನು ನನ್ನ ದೊಡ್ಡವ್ವನ ಮಗಳ ಗಂಡ.

ಮದುವೆಗೆ ಮುಂಚೆ ಅಕ್ಕ ನಮ್ಮ ತಂಡದಲ್ಲಿ ಎರಡನೇ ಧ್ವನಿ ಹಾಡುತ್ತಿದ್ದಳು. ಮದುವೆಯಾದ ನಾಲ್ಕನೆಯ ವರ್ಷ, ಮಳೆಗಾಲದ ಒಂದು ಮಂಗಳವಾರ, ಒಂದೇ ಕೈಚೀಲ ಹಿಡಿದು ನರಗುಂದದ ಬಸ್ಸಿನಿಂದ ತವರೂರು ಗಜೇಂದ್ರಗಡದಲ್ಲಿ ಇಳಿದಳು. ಎಡಗಿವಿಯಲ್ಲಿ ಹತ್ತಿ ಇತ್ತು. ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಬೆಳಕು ಬಿಟ್ಟು ನೋಡಿ, ಪರದೆ ಹರಿದಿದೆ, ಹಳೆಯ ಪೆಟ್ಟಿನ ಗುರುತೂ ಇದೆ ಎಂದರು. ಹೊರಗೆ ಬಂದ ಮೇಲೆ ನಾನು ಕೇಳಿದೆ:

"ಎಷ್ಟ ಸಲ ಹೊಡದಾನ ಅಕ್ಕಾ?"

"ನಿನ್ನಂಗ ಬರದ ಇಡಲಿಲ್ಲಲ್ಲ ನಾ," ಅಂದಳು.

ಆ ಕಿವಿ ಮತ್ತೆ ಕೇಳಲಿಲ್ಲ. ಶ್ರುತಿ ಹಿಡಿಯಲಾಗದೆ ಅಕ್ಕ ಹಾಡುವುದನ್ನು ಬಿಟ್ಟಳು. ಪ್ರತಿ ರವಿವಾರ ಚರ್ಚಿಗೆ ಬಂದು ಬಲಗಿವಿ ಮುಂದಾಗುವ ಹಾಗೆ ಎಡಗಡೆಯ ಬೆಂಚಿನ ತುದಿಗೆ ಕೂರುತ್ತಿದ್ದಳು. ಅವಳಿಗೆ ಉಳಿದಿದ್ದ ಜಾಗ ಅದೊಂದೇ. ಮೊದಲ ತಿಂಗಳು ಸಭೆಯ ಹೆಂಗಸರು, "ಕಿವಿ ಹ್ಯಾಂಗೈತಿ?" ಎಂದು ಕೇಳಿದರು. ಆಮೇಲೆ ಕೇಳಿದ್ದು, "ಅವರದು ಹೊಸಾ ಹಾಡು ಯಾವಾಗ ಬರತೈತಿ?"

ಮರುವರ್ಷ ನವೆಂಬರ್ ಕೊನೆಯ ರವಿವಾರ ಕ್ರಿಸ್ಮಸ್ ತಯಾರಿಯ ಸಭೆ ಸೇರಿತು. ನಮ್ಮ ಪಾಸ್ಟರು ತಿಂಗಳಿಗೆ ಎರಡು ಸಲ ಮಾತ್ರ ಬರುವವರು. ಉಳಿದದ್ದೆಲ್ಲ ಸಭೆಯ ಹಿರಿಯರಾದ ಮಾಸ್ತರರು ಹೇಳಿದಂತೆ.

"ಈ ಸಲ ಹಬ್ಬಕ್ಕ ನರಗುಂದದ ಹಾಡುಗಾರನ್ನ ಕರಸೂಣು," ಎಂದರು ಮಾಸ್ತರರು. "ಮಂದಿ ಬಾಗಲಾ ದಾಟಿ ಹೊರಗ ನಿಲ್ಲಬೇಕು."

ಹೆಂಗಸರ ಸಾಲಿನಿಂದ ದೊಡ್ಡವ್ವ ಎದ್ದು ನಿಂತಳು. "ಮಾಸ್ತರ, ನನ್ನ ಮಗಳ ಕಿವಿ?"

"ಅದು ಗಂಡ ಹೆಂಡತಿ ಮಾತವ್ವಾ. ಅಂವನ ಕಂಠ ದೇವರ ಕೊಟ್ಟದ್ದು. ನಾವು ಆ ಕಂಠಾನ ಕರಿಯಾಕತ್ತೀವಿ."

"ಹಂಗಾರ ಕಂಠ ಅಷ್ಟ ಬರ್ಲಿ. ಕೈ ನರಗುಂದದಾಗ ಇಟ್ಟು ಬಾ ಅನ್ರಿ."

ಹಿಂದೆ ಯಾರೋ ನಕ್ಕರು. ಮಾಸ್ತರರೂ ನಕ್ಕರು. "ಕ್ಷಮಾ ಮಾಡಬೇಕವ್ವಾ. ನಾವು ಕ್ರೈಸ್ತರು."

"ಮಾಡ್ತೀನ್ರಿ. ಅಂವ ಕೇಳ್ಯಾನೇನು?"

ಮಾಸ್ತರರು ಮುಂದಿನ ವಿಷಯಕ್ಕೆ ಹೋದರು. ಅದೇ ವರ್ಷ ನಮ್ಮ ಸಭೆಯ ಒಬ್ಬ ನೇಕಾರ ಕುಡಿದು ಚರ್ಚಿಗೆ ಬಂದನೆಂದು ಅವನನ್ನು ಆರು ತಿಂಗಳು ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸದಿಂದ ಹೊರಗಿಟ್ಟಿದ್ದರು. ಅವನು ಎಲ್ಲರ ಮುಂದೆ ಅತ್ತು ತಪ್ಪೊಪ್ಪಿಕೊಂಡಿದ್ದ. ಆದರೂ ಆರು ತಿಂಗಳಲ್ಲಿ ಒಂದು ವಾರವೂ ಕಡಿಮೆಯಾಗಲಿಲ್ಲ. ಪಾಪ, ಅವನಿಗೆ ಹಾಡಲು ಬರುತ್ತಿರಲಿಲ್ಲ.

ಕಂಠ ಆ ಗಾಯಕನಿಗೆ ಹುಟ್ಟುತ್ತಲೇ ಬಂದದ್ದು, ಅದಕ್ಕಾಗಿ ಅವನು ಏನೂ ಮಾಡಿರಲಿಲ್ಲ. ಕೈ ಎತ್ತಿದ್ದು ಮಾತ್ರ ಪೂರ್ತಿ ಅವನದೇ. ದೇವರದನ್ನು ಅವನದೆಂದು ಹೊಗಳಿದೆವು, ಅವನದನ್ನು ದೇವರ ಹೆಸರಿನಲ್ಲಿ ಮನ್ನಿಸಿದೆವು. ತನ್ನ ಹೆಸರಿನಲ್ಲಿ ಅದ್ಭುತ ಮಾಡಿದವರನ್ನೂ, ನಡತೆ ಕೆಟ್ಟಿದ್ದರೆ, ನಿಮ್ಮನ್ನು ನಾನರಿಯೆ ಎಂದು ಹೊರಗೆ ಕಳಿಸುವ ಕರ್ತನನ್ನು ನಂಬಿದವರು ನಾವು. ಬೈಬಲಿನ ಆ ಭಾಗವನ್ನು ಮಾಸ್ತರರೇ ಅದೇ ಪೀಠದಿಂದ ಎಷ್ಟೋ ಸಲ ಓದಿದ್ದಾರೆ.

ಇಷ್ಟು ಸ್ಪಷ್ಟವಾಗಿ ಬರೆಯುತ್ತಿರುವುದು ಈಗ. ಅವತ್ತು ನಾನು ತಲೆ ತಗ್ಗಿಸಿ ಪಟ್ಟಿ ಬರೆಯುತ್ತಿದ್ದೆ. ಎಲ್ಲ ಮನೆಗಳ ಮುಂದೆಯೂ ಅವನ ಹಾಡನ್ನೇ ಬರೆದೆ. ಮಂದಿ ಕೇಳುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದನ್ನು ಮುಚ್ಚಿಡಲಾರೆ: ನನಗೂ ಆ ಹಾಡು ಇಷ್ಟವಿತ್ತು. ಹನ್ನೊಂದು ಸಲ ಅಭ್ಯಾಸ ಮಾಡಿದೆವು. ಹನ್ನೊಂದು ಸಲವೂ ಎರಡನೇ ಚರಣಕ್ಕೆ ನನ್ನ ಮೈ ಝುಂ ಎಂದಿತ್ತು.

ಡಿಸೆಂಬರ್ ಎರಡನೇ ರವಿವಾರ, ಮಧ್ಯಾಹ್ನದ ಊಟವಾದ ಮೇಲೆ, ಗಜೇಂದ್ರಗಡದ ಮನೆಗಳಿಗೆ ಹೊರಟೆವು. ಒಂಬತ್ತನೆಯದು ದೊಡ್ಡವ್ವನ ಮನೆ. ಬಾಗಿಲ ಮುಂದೆ ನಿಂತಾಗ ಡೋಲಕ್ ಬಾರಿಸುವವನು ಹಿಂಜರಿದ.

"ಇಲ್ಲಿ ಬ್ಯಾರೆದ್ದು ಹಾಡೂಣೇನು?"

"ಪಟ್ಟಿಯೊಳಗ ಏನೈತಿ?" ಎಂದ ಇನ್ನೊಬ್ಬ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಪಟ್ಟಿ ನೋಡಿದೆ. "ಅದ ಐತಿ," ಅಂದೆ. ಪೆನ್ನು ಕೈಯಲ್ಲೇ ಇತ್ತು. ಒಂದು ಗೆರೆ ಎಳೆದಿದ್ದರೆ ಸಾಕಿತ್ತು. ಪಟ್ಟಿಯಲ್ಲಿ ಇದ್ದುದನ್ನು ಓದಿ ಹೇಳುವುದು ನನ್ನ ಕೆಲಸ, ಓದಿ ಹೇಳಿದೆ.

ಹಾಡಿದೆವು. ಅಕ್ಕ ಕರ್ಚಿಕಾಯಿಯ ತಾಟು ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಬಲಗಿವಿಯನ್ನು ಚೌಕಟ್ಟಿಗೆ ಒತ್ತಿ ಎಡಗಿವಿಯನ್ನು ನಮ್ಮ ಕಡೆ ಕೊಟ್ಟಿದ್ದಳು. ನಾಚಿಕೆಯಿಂದ ಮುಖ ತಿರುಗಿಸಿದ್ದಾಳೆ ಎಂದುಕೊಂಡೆ. ಹಾಡು ಮುಗಿದ ಮೇಲೆ ಎಲ್ಲರಿಗೂ ಎರಡೆರಡು ಕರ್ಚಿಕಾಯಿ ಕೊಟ್ಟಳು. ಕೊನೆಗೆ ನನ್ನ ಮುಂದೆ ಬಂದು ನಿಂತಳು.

"ಚಲೋ ಹಾಡಿರಬೇಕು ತಂಗಿ. ಈ ಕಿವಿಗಿ ಏನೂ ಕೇಳಲಿಲ್ಲ."

"ಅಕ್ಕಾ, ಪಟ್ಟಿಯೊಳಗ..."

"ಗೊತ್ತೈತಿ. ಅಕ್ಷರ ನಿಂದ ಭಾಳ ದುಂಡಗ."

ಕ್ರಿಸ್ಮಸ್ ದಿನ ಅವನು ಬಂದ. ಐವತ್ತರ ಆಸುಪಾಸಿನ ನಮ್ಮ ಹಾಜರಿ ಅವತ್ತು ನೂರಾ ಅರವತ್ತಮೂರು. ಮಾಸ್ತರರು ಶಾಲು ಹೊದಿಸಿದರು. ಅವನು ಕಣ್ಣು ಮುಚ್ಚಿ ಹಾಡಿದ, ಮಂದಿ ಕಣ್ಣೊರೆಸಿಕೊಂಡರು. ಅಕ್ಕನ ಬೆಂಚಿನ ತುದಿಯಲ್ಲಿ ಬೇರೆ ಯಾರೋ ಕೂತಿದ್ದರು. ಆ ದಿನ ಅವಳು ಬರಲಿಲ್ಲ, ಆಮೇಲೂ ಬರಲಿಲ್ಲ. ಪ್ರತಿ ವಾರ ಅವಳ ಹೆಸರಿನ ಮುಂದೆ ಗೈರು ಎಂದು ಹಾಕಿದವಳು ನಾನೇ. ನಡುವೆ ಮೂರು ಸಲ ಕರೆಯಲು ಹೋದೆ. ಮೂರು ಸಲವೂ ಚಹಾ ಕೊಟ್ಟಳು, ಬೇರೆ ಮಾತಾಡಿದಳು.

ಒಂದು ವರ್ಷ ಸತತ ಗೈರಾದವರ ಹೆಸರು ತೆಗೆಯಬೇಕೆಂಬುದು ನಮ್ಮ ಸಭೆಯ ನಿಯಮ. ಮುಂದಿನ ವರ್ಷದ ಕ್ರಿಸ್ಮಸ್ ಕಳೆದ ಮರುವಾರ ಆರಾಧನೆ ಮುಗಿದ ಮೇಲೆ ಮಾಸ್ತರರು ನನ್ನನ್ನು ಕರೆದರು.

"ನಿಮ್ಮಕ್ಕನ ವಿಶ್ವಾಸ ತಣ್ಣಗಾತು ತಂಗಿ. ಹೆಸರ ತಗಿ."

"ಯಾಕ ಬರವಲ್ಲಳು ಅನ್ನೂದನ್ನೂ ಬರಸ್ರಿ, ತಗೀತೀನಿ."

"ಹಾಜರಿ ಪುಸ್ತಕದಾಗ ಕಾರಣ ಬರಿಯಾಕ ಜಾಗಾ ಎಲ್ಲೈತಿ?"

"ಹಂಗಾರ ನಾ ತಗಿಯೂದಿಲ್ರಿ. ನೀವ ತಗೀರಿ."

ಪುಸ್ತಕವನ್ನೂ ಪೆನ್ನನ್ನೂ ಅವರ ಮುಂದಿಟ್ಟೆ. ಸಭೆಯಲ್ಲಿ ನಾನು ಮೊದಲ ಸಲ ಒಲ್ಲೆ ಎಂದದ್ದು ಅಂದು. ಒಳಗೆ ಸ್ವಲ್ಪ ಹೆಮ್ಮೆಯಾಗಿತ್ತು. ಮಾಸ್ತರರು ಕನ್ನಡಕ ಏರಿಸಿ ಪುಟ ತಿರುವಿದರು. ಹಿಂದೆ ಹೋದರು, ಮುಂದೆ ಬಂದರು. ನಂಬರು ಹಾಕಿದ ಹೆಸರುಗಳ ಸಾಲಿನಲ್ಲಿ ಅಕ್ಕನದು ಸಿಗಲಿಲ್ಲ.

"ಎಷ್ಟನೇ ನಂಬರ ಇಕಿದು?" ಎಂದರು ತಲೆ ಎತ್ತದೆ.

"ಹದಿನೇಳು," ಅಂದೆ.