ಮದ್ದು ಹಾಕುವುದು

ನನ್ನ ಗಂಡನ ಬಾಯಿ ತೆರೆಯುತ್ತಿಲ್ಲ ಎನ್ನುವುದು ಮೊದಲು ಗೊತ್ತಾದದ್ದು ಫಾದರ್‌ಗೆ. ಭಾನುವಾರದ ಪೂಜೆಯಲ್ಲಿ ಪರಮಪ್ರಸಾದಕ್ಕೆ ನಾಲಿಗೆ ಚಾಚಬೇಕಲ್ಲ, ನಾಲಿಗೆ ಹೊರಗೆ ಬರಲೇ ಇಲ್ಲ. ಫಾದರ್ ಪ್ರಸಾದ ಹಿಡಿದುಕೊಂಡೇ ನಿಂತರು. ಸಾಲಿನಲ್ಲಿ ಹಿಂದೆ ಇದ್ದ ನಾನು, ಹೊಗೆಸೊಪ್ಪಿನ ವಾಸನೆ ಮುಚ್ಚಲು ಈ ನಾಟಕ ಎಂದುಕೊಂಡು ಬೆನ್ನಿಗೆ ತಿವಿದೆ.

ಕೊಯಮತ್ತೂರಿನಲ್ಲಿ ಬಯಾಪ್ಸಿ ಮಾಡಿದರು. ಬಾಯಿಯ ಕ್ಯಾನ್ಸರ್. ಸರ್ಜರಿಯ ಕಾಲ ದಾಟಿದೆ ಎಂದರು.

ಹೆಸರು ಮಾತ್ರ ಆರೋಗ್ಯಸ್ವಾಮಿ.

ರೇಡಿಯೇಷನ್‌ಗೆಂದು ನಮ್ಮೂರು ತಾಳವಾಡಿಯಿಂದ ಘಾಟಿ ಇಳಿಯುವುದು, ಹತ್ತುವುದು. ಬಸ್ಸು ತಿರುಗಿದಾಗಲೆಲ್ಲ ಅವರು ದವಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಘಾಟಿಯ ತುದಿಯ ದಿಂಬಂನಲ್ಲಿ ಬಸ್ಸು ನಿಂತರೆ ಎಲ್ಲರೂ ಟೀಗೆ ಇಳಿಯುವರು. ನಾವಿಬ್ಬರು ಸೀಟಿನಲ್ಲೇ. ಕಡೆಗೆ ಮೂಗಿಗೆ ಟ್ಯೂಬ್ ಬಂತು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಸಿರಿಂಜಿನಲ್ಲಿ ಬಿಡುವುದು ನನ್ನ ಕೆಲಸವಾಯಿತು. ಮಾತು ಹೋಯಿತು. ಕೆನ್ನೆ ತೂತಾಯಿತು. ನೆಂಟರು ವಾಸನೆಗೆ ಹೆದರಿ ಬಾಗಿಲಲ್ಲೇ ಕುಶಲ ಕೇಳಿ ಹೋಗತೊಡಗಿದರು.

ನೋವಿಗೆ ಡಾಕ್ಟರ್ ಮಾರ್ಫಿನ್ ಬರೆದರು. ತಮಿಳಿನವರು, ಒಳ್ಳೆಯವರು. ಜೊತೆಗೆ ಬಂದಿದ್ದ ನಮ್ಮ ಅತ್ತೆಗೆ ಅರ್ಥವಾಗಲಿ ಎಂದು ತಮ್ಮ ಹರಕು ಕನ್ನಡದಲ್ಲಿ ಹೇಳಿದರು:

"ಅಮ್ಮಾ, ಇನ್ನು ನಾಲ್ಕು ಗಂಟೆಗೊಂದು ಸಲ ಮಗನಿಗೆ ಮದ್ದು ಹಾಕಬೇಕು."

ತಮಿಳಿನ 'ಮರುಂದು ಪೋಡುಂಗ'ವನ್ನು ಪಾಪ ಹಾಗೇ ಕನ್ನಡಕ್ಕೆ ತಂದಿದ್ದರು. ನಮ್ಮ ಕಡೆ ಕಾಯಿಲೆಗೆ ಕೊಡುವುದು ಔಷಧಿ, ಮಾತ್ರೆ. ಮದ್ದು ಹಾಕುವುದೆಂದರೆ ಆಗದವರ ಅನ್ನದಲ್ಲಿ ವಿಷ ಬೆರೆಸುವುದು. 'ಅವರ ಮನೇಲಿ ಉಣ್ಬೇಡ, ಮದ್ದು ಆಕ್ಬುಟ್ಟಾರು' ಎಂದು ಮಕ್ಕಳಿಗೆ ಹೇಳಿ ಬೆಳೆಸುವ ಊರು ನಮ್ಮದು.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಬಸ್ಸಿನಲ್ಲಿ ನನ್ನ ಕಿವಿಯಲ್ಲಿ, "ಡಾಕ್ಟ್ರೇ ಬಾಯ್ಬುಟ್ಟು ಯೋಳ್ದ ಕಣವ್ವ, ಸಾಯ್ಸಿ ಅಂತ," ಎಂದರು. ನಾನು ಬಿಡಿಸಿ ಹೇಳಿದೆ. ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. "ಯೇಸುಸ್ವಾಮೀನ ಸಿಲುಬೆಗೆ ಏರ್ಸುವಾಗ ನೋವು ಮರೀಲಿ ಅಂತ ಕೊಟ್ಟ ರಸಾನೇ ಮುಟ್ನಿಲ್ಲ. ನನ್ ಮಗ ಅವನಿಗಿಂತ ಎಚ್ಚಾ?"

ಗಂಡನ ಹಣೆಗೆ ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆ ಹಚ್ಚಲು ಫಾದರ್ ಮನೆಗೆ ಬಂದಾಗ ನಾನೇ ಈ ಮಾತು ತೆಗೆದೆ. ಫಾದರ್ ಸಮಾಧಾನವಾಗಿ ಹೇಳಿದರು: "ನೋವು ತೆಗೆಯೋಕೆ ಕೊಡೋದು ಬೇರೆ, ಪ್ರಾಣ ತೆಗೆಯೋಕೆ ಕೊಡೋದು ಬೇರೆ. ನೋವಿಗೆ ಅಂತ ಅಳತೆಯಲ್ಲಿ ಕೊಟ್ಟು, ಅದರಿಂದ ಆಯಸ್ಸು ಒಂದಿಷ್ಟು ಕಮ್ಮಿ ಆದರೂ ಅದು ಕೊಲೆ ಅಲ್ಲ. ಮಾತ್ರೆ ಬೇಡ ಅಂತ ನೋವನ್ನು ದೇವರಿಗೆ ಒಪ್ಪಿಸೋದೂ ದೊಡ್ಡದೇ. ಆದರೆ ಒಪ್ಪಿಸಬೇಕಾದವನು ನೋಯುವವನು, ನೀವಲ್ಲ. ಅವನನ್ನೇ ಕೇಳಿ."

ಕೇಳಿದೆವು. ಅವರು ನನ್ನನ್ನು ನೋಡಲಿಲ್ಲ. ತಾಯಿಯ ಮುಖ ನೋಡಿದರು. ತಲೆ ಅಡ್ಡ ಆಡಿಸಿದರು.

ಬೇಡ.

"ಸ್ವಂತ ಇಷ್ಟದಿಂದ ಹೇಳಿದ್ದಾನೆ," ಎಂದರು ಫಾದರ್. ಅವರ ಮೇಲೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು ನಾನು. ಘೋರ ವಿಷಯ, ಪೂರ್ಣ ಅರಿವು, ಪೂರ್ಣ ಸಮ್ಮತಿ, ಈ ಮೂರೂ ಸೇರಿದರೆ ಮಾತ್ರ ಮಾರಕ ಪಾಪ ಎಂದು ಅವರಿಗೆ ಬಾಯಿಪಾಠ ಮಾಡಿಸುತ್ತೇನೆ. ಹೆತ್ತವಳ ಕಣ್ಣೆದುರು ಮಗ ಕೊಡುವ ಸಮ್ಮತಿ ಪೂರ್ಣವೋ ಅಲ್ಲವೋ ಎಂದು ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಅವರು ಕಿರುಚಿದರು. ಬಾಯಿ ತೆರೆಯಲಾಗದವನು ಕಿರುಚುವುದನ್ನು ನೀವು ಕೇಳಿರಲಾರಿರಿ. ಅದು ಮೂಗಿನಿಂದ ಬರುತ್ತದೆ, ಕೆನ್ನೆಯ ತೂತಿನಿಂದ ಬರುತ್ತದೆ. ಅತ್ತೆ ಪಕ್ಕದಲ್ಲಿ ಕೂತು ಜಪಸರ ಹೇಳುತ್ತಿದ್ದರು. ಮೊದಮೊದಲು ಆ ಸದ್ದು ಮುಚ್ಚಿಹೋಗುವಷ್ಟು ಗಟ್ಟಿಯಾಗಿ. ಬರುಬರುತ್ತಾ ದನಿ ಸೋತಿತು. ಸೋತದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು. ಅನುಭವಿಸಲಿ ಎಂದುಕೊಂಡೆ.

ಒಂದು ಬೆಳಗ್ಗೆ ಗಂಜಿ ಸೋಸುತ್ತಿದ್ದೆ. ಅತ್ತೆ ಬಂದು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಆಕ್ಬುಡವ್ವ," ಎಂದರು.

"ಏನ ಅತ್ತೆ?"

"ಮದ್ದ. ಇರೋದ್ನೆಲ್ಲ ಆಕ್ಬುಡು. ನನ್ ಕೈಲಿ ನೋಡಕ್ಕಾಗಲ್ಲ."

ಇರೋದನ್ನೆಲ್ಲ.

ಅವರು ಕೇಳಿದ್ದು ಡಾಕ್ಟರ ಮದ್ದನ್ನಲ್ಲ, ನಮ್ಮೂರಿನ ಮದ್ದನ್ನು. ನನಗೆ ಸಿಟ್ಟು ಬರಬೇಕಿತ್ತು. ನಿಜ ಹೇಳುತ್ತೇನೆ, ಆಸೆಯಾಯಿತು. ಮಾತ್ರೆಗಳಿದ್ದದ್ದು ನನ್ನ ಕೈಯಲ್ಲೇ. ಆ ಸ್ಥಿತಿಯಲ್ಲಿ ಸತ್ತವನ ಬಗ್ಗೆ ಯಾರೂ ಏನೂ ಕೇಳುತ್ತಿರಲಿಲ್ಲ. ನನ್ನನ್ನು ತಡೆದದ್ದು ಭಕ್ತಿಯೆಂದು ಹೇಳಿಕೊಳ್ಳಲಾರೆ. ಈಕೆಯ ಮಾತು ಕೇಳಿ ಗಂಡನನ್ನು ಕೊಂದು, ಆಮೇಲೆ ಜೀವಮಾನವಿಡೀ ಈಕೆಯ ಮುಖ ನೋಡಬೇಕಲ್ಲ ಎಂಬ ಮೊಂಡುತನವೇ ಹೆಚ್ಚಿತ್ತು.

ಗಂಡನ ಹತ್ತಿರ ಹೋಗಿ, "ಅವ್ವ ಒಪ್ಕಂಡ್ರು. ನೋವಿನ ಮಾತ್ರೆ ಕೊಡ್ಲಾ?" ಎಂದು ಕೇಳಿದೆ. ಅವರು ತಾಯಿಯನ್ನು ನೋಡಿದರು. ತಾಯಿ ತಲೆಯಾಡಿಸಿದರು. ಅವರೂ ತಲೆಯಾಡಿಸಿದರು. ಇಬ್ಬರೂ ಒಪ್ಪಿದ್ದು ಬೇರೆ ಬೇರೆಗೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಡಾಕ್ಟರ್ ಬರೆದಷ್ಟನ್ನೇ ಅರೆದು, ನೀರಲ್ಲಿ ಕದಡಿ, ಟ್ಯೂಬಿಗೆ ಬಿಟ್ಟೆ.

"ಆಕುದ್ಯಾ?" ಎಂದರು ಅತ್ತೆ.

"ಆಕ್ದೆ."

ಸುಳ್ಳಲ್ಲ. ಎಷ್ಟು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೆ ಅರ್ಧ ಹೇಳಿ ಅರ್ಧ ಮನಸ್ಸಿನಲ್ಲೇ ಇಟ್ಟುಕೊಳ್ಳುವುದಕ್ಕೂ ಧರ್ಮಶಾಸ್ತ್ರದಲ್ಲಿ ಒಂದು ಹೆಸರಿದೆ, ಅದನ್ನು ಮಕ್ಕಳಿಗೆ ಕಲಿಸುವುದಿಲ್ಲ.

ಗಂಡನ ಹುಬ್ಬಿನ ಗಂಟು ಬಿಚ್ಚಿತು. ನಿದ್ದೆ ಹತ್ತಿತು. ಅತ್ತೆ ಮೇಣದ ಬತ್ತಿ ಹಚ್ಚಿ ತಲೆದೆಸೆಯಲ್ಲಿಟ್ಟು, ಮೊಣಕಾಲೂರಿ, ಸತ್ತವರಿಗೆ ಹೇಳುವ ಜಪ ಶುರುಮಾಡಿದರು. ನಾನು ತಡೆಯಬಹುದಿತ್ತು. ತಡೆಯಲಿಲ್ಲ.

ಮಧ್ಯಾಹ್ನ ಅವರು ಕಣ್ಣು ಬಿಟ್ಟರು.

ಬತ್ತಿ ನೋಡಿದರು. ತಾಯಿಯನ್ನು ನೋಡಿದರು. ಆಮೇಲೆ ಟ್ಯೂಬನ್ನು ಬೆರಳಿಂದ ತಟ್ಟಿ ತೋರಿಸಿದರು. ಹಸಿವಾಗಿತ್ತು. ಅತ್ತೆ ಬತ್ತಿಯನ್ನು ಊದಿ ಆರಿಸಿ ಎದ್ದುಹೋದರು.

ಬದುಕಿದ್ದಷ್ಟು ದಿನ ಅವರು ಮತ್ತೆ ಕಿರುಚಲಿಲ್ಲ. ಅಂಗಳದಲ್ಲಿ ಕೂತು ಟೊಮ್ಯಾಟೊ ತುಂಬಿದ ಗಾಡಿಗಳು ಹೋಗುವುದನ್ನು ನೋಡುತ್ತಿದ್ದರು. ಒಂದು ದಿನ ಟ್ಯೂಬಿಗೆ ಟೀ ಬಿಡು ಎಂದು ಸನ್ನೆ ಮಾಡಿದರು. ಬಿಟ್ಟೆ. ರುಚಿ ಎಲ್ಲಿಂದ ಸಿಗಬೇಕು? ಆದರೂ ಹೊಟ್ಟೆ ಸವರಿಕೊಂಡರು. ಅಷ್ಟಕ್ಕೆ ದೇವರಿಗೆ ಸ್ತೋತ್ರ ಹೇಳಿದ್ದೇನೆ, ಉಳಿದದ್ದಕ್ಕೆ ಇನ್ನೂ ಬಾಯಿ ಬಂದಿಲ್ಲ. ಅತ್ತೆ ಮಾತ್ರ ಮಗನ ಕಣ್ಣಿಗೆ ಬೀಳದ ಹಾಗೆ ಬೆನ್ನ ಹಿಂದೆ ಕೂರುತ್ತಿದ್ದರು. ಒಂದು ಸಂಜೆ ಮಗ ನಿದ್ದೆಯಲ್ಲೇ ಹೋದಾಗಲೂ ಅತ್ತೆ ಅಲ್ಲೇ ಕೂತಿದ್ದರು.

ಮಣ್ಣು ಮಾಡಿ ಬಂದ ಮೇಲೆ ಕೇರಿಯಲ್ಲಿ ಮಾತು ಹುಟ್ಟಿತು: ಸೊಸೆ ಮದ್ದು ಆಕ್ಬುಟ್ಲಂತೆ. ಹಾಕು ಎಂದು ಕೇಳಿದವರು ಯಾರು ಎಂದು ನಾನು ಹೇಳಬಹುದಿತ್ತು. ನಿಜವೇ ಆದರೂ, ಸುಮ್ಮನೆ ಇನ್ನೊಬ್ಬರ ಮಾನ ಕಳೆಯುವುದು ಪಾಪ. ಇದನ್ನೂ ನಾನೇ ಕಲಿಸುತ್ತೇನೆ. ನುಂಗಿಕೊಂಡೆ.

ಹಾಗಾಗಿ ಇದನ್ನು ಬರೆಯುವ ಮೊದಲು ಅತ್ತೆಯನ್ನೇ ಕೇಳಿದೆ. ಅವರು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಕೈ ನಿಲ್ಲಿಸಿದರು.

"ಬರಿ. ನಾನೇ ಕೇಳ್ದೆ ಅಂತ ಬರಿ." ಹುರುಳಿಯಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದರು. "ಅವ ಕಣ್ಬುಟ್ಟಾಗ ನಂಗೆ ಸಂತೋಸ ಆಗ್ನಿಲ್ಲ ಅಂತ್ಲೂ ಬರಿ."

"ನಂಗೂ ಆಗ್ನಿಲ್ಲ ಅತ್ತೆ," ಎಂದೆ.