ದರ್ಜಿ ಅಂಗಡಿಯಿಂದ ಬೇಕರಿಯವರೆಗೆ

ಸೋಮವಾರ ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಮೊಟ್ಟೆಯಣ್ಣ ದರ್ಜಿ ಅಂಗಡಿಯ ಮುಂದೆ ಬ್ರೇಕ್ ತುಳಿದ. ಪಿಕಪ್ ಗಾಡಿ ನಿಲ್ಲಬೇಕಾಗಿದ್ದದ್ದು ಬೇಕರಿಯ ಮುಂದೆ. ನಡುವೆ ಬೀಗದವನದು, ಗಡಿಯಾರದವನದು, ಔಷಧಿಯವನದು ಎಂದು ಮೂರು ಅಂಗಡಿಗಳಿದ್ದವು. ಮೊದಲ ತುಳಿತಕ್ಕೆ ಪೆಡಲ್ ಹತ್ತಿಯ ದಿಂಬಿನಂತೆ ತಳದವರೆಗೂ ಇಳಿಯಿತು. ಗಾಡಿಗೆ ಅದು ತಿಳಿಯಲೇ ಇಲ್ಲ. ಎರಡನೆಯದಕ್ಕೆ, ಬೀಗದ ಅಂಗಡಿಯ ಎದುರು, ಗಾಡಿ ಯೋಚನೆಗೆ ಬಿತ್ತು. ಮೂರನೆಯದಕ್ಕೆ ಒಪ್ಪಿಕೊಂಡು, ಔಷಧಿ ಅಂಗಡಿಯನ್ನು ನಿಧಾನವಾಗಿ ದಾಟಿ, ಬೇಕರಿಯ ಮೆಟ್ಟಿಲಿಗೆ ಸರಿಯಾಗಿ ನಿಂತಿತು. ಹಿಂದೆ ಎಂಬತ್ತು ಟ್ರೇ, ಟ್ರೇಗೆ ಮೂವತ್ತರಂತೆ ಎರಡು ಸಾವಿರದ ನಾನೂರು ಮೊಟ್ಟೆಗಳಿದ್ದವು. ಒಂದೂ ಒಡೆದಿರಲಿಲ್ಲ.

ಇದನ್ನು ಮೊಟ್ಟೆಯಣ್ಣ ಗಾಡಿಯ ದೋಷವೆಂದು ಎಂದೂ ತಿಳಿದವನಲ್ಲ. ತನ್ನ ಕೈಗುಣ, ಅಲ್ಲ, ಕಾಲ್ಗುಣ ಎಂದುಕೊಂಡಿದ್ದ. ಅವನು ಮೊಟ್ಟೆ ಹಾಕುವ ಇಪ್ಪತ್ತಾರು ಅಂಗಡಿಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಗುರುತಿತ್ತು. ಶಾಲೆಯ ಅಡುಗೆಮನೆಗೆ ನಿಲ್ಲಬೇಕಾದರೆ ಬಾಗಿದ ಕಂಬದ ಹತ್ತಿರ ತುಳಿಯಬೇಕು. ಇಳಿಜಾರಿನ ಹೋಟೆಲಿಗೆ ನಿಲ್ಲಬೇಕಾದರೆ ಹೋಟೆಲ್ ಕಣ್ಣಿಗೆ ಬೀಳುವ ಮೊದಲೇ ತುಳಿಯಬೇಕು.

"ಮೊಟ್ಟೆ ಹೊರೋ ಗಾಡಿಗೆ ಬ್ರೇಕೂ ಮೊಟ್ಟೆ ಥರಾನೇ ಮೆತ್ತಗಿರ್ಬೇಕು ಕಣೇ," ಎಂದು ಹೆಂಡತಿಗೆ ಹೇಳುತ್ತಿದ್ದ.

"ಮೊಟ್ಟೆ ಮೆತ್ತಗಿರಲ್ಲ ರೀ. ಒಡೆದ ಮೇಲೆ ಮೆತ್ತಗಾಗೋದು," ಎನ್ನುತ್ತಿದ್ದಳು ಅವಳು. ಮನೆಯ ಮುಂದಿನ ಕೋಣೆಯಲ್ಲಿ ಕೂತು ಒಂದೊಂದು ಮೊಟ್ಟೆಯನ್ನೂ ಬಲ್ಬಿನ ಬೆಳಕಿಗೆ ಹಿಡಿದು ಕೆಟ್ಟದ್ದನ್ನು ಬೇರೆ ಮಾಡುವುದು ಅವಳ ಕೆಲಸ. ಗಂಡನನ್ನು ಮಾತ್ರ ಬಲ್ಬಿಗೆ ಹಿಡಿಯದೆಯೇ ಒಳಗೇನಿದೆ ಎಂದು ಹೇಳಬಲ್ಲಳು.

ಆ ಸೋಮವಾರ ಬೇಕರಿಯ ಮುಂದೆ ಗಾಡಿ ನಿಂತಿತು, ಮೊಟ್ಟೆಯಣ್ಣ ಇಳಿಯಲಿಲ್ಲ. ಬಲಮಂಡಿ ಮಡಿಸಿದ್ದು ಮಡಿಸಿದಂತೆಯೇ ಹಿಡಿದುಕೊಂಡಿತ್ತು. ಬೇಕರಿಯವನೂ ಅವನ ತಮ್ಮನೂ ಸೇರಿ, ಕುರ್ಚಿಯನ್ನು ಇಳಿಸುವಂತೆ ಅವನನ್ನು ಕೂತ ಭಂಗಿಯಲ್ಲೇ ಇಳಿಸಿದರು.

"ಮೆಟ್ಟಿಲು ತುಂಬ ಹತ್ತೀರಾ?" ಎಂದು ಕೇಳಿದರು ಡಾಕ್ಟರು.

"ಇಲ್ಲ ಸಾರ್."

"ಸೈಕಲ್ ತುಳೀತೀರಾ?"

"ಇಲ್ಲ."

"ಮತ್ತೆ ಈ ಮಂಡಿ ಇಷ್ಟೊಂದು ದುಡಿದದ್ದು ಎಲ್ಲಿ?"

ಮೊಟ್ಟೆಯಣ್ಣ ಕೂತಲ್ಲೇ ಗಾಳಿಯಲ್ಲಿ ಮೂರು ಸಲ ತುಳಿದು ತೋರಿಸಿದ. ಮೂರನೆಯದಕ್ಕೆ "ಅಯ್ಯಯ್ಯೋ" ಎಂದ. ಡಾಕ್ಟರು ಚೀಟಿ ಬರೆದರು: ಆರು ವಾರ ಗಾಡಿ ಓಡಿಸಕೂಡದು.

ಆರು ವಾರವೆಂದರೆ ಇಪ್ಪತ್ತೆರಡು ವರ್ಷ ಕಟ್ಟಿಕೊಂಡು ಬಂದ ವ್ಯಾಪಾರ ಕೈಬಿಟ್ಟಂತೆ. ನಾಲ್ಕು ದಿನ ಮೊಟ್ಟೆ ಬರದಿದ್ದರೆ ಐದನೆಯ ದಿನ ಇನ್ನೊಬ್ಬ ಮೊಟ್ಟೆಯವನು ಬೇಕರಿಯ ಮೆಟ್ಟಿಲ ಮೇಲೆ ಇರುತ್ತಾನೆ. ಬುಧವಾರದವರೆಗೆ ಗಾಡಿ ಓಡಿಸಿಕೊಡುತ್ತೇನೆಂದು ಬೇಕರಿಯವನ ತಮ್ಮ ಒಪ್ಪಿಕೊಂಡ. ಆಮೇಲೆ ಉಳಿದಿದ್ದ ದಾರಿ ಒಂದೇ, ಮಗಳು. ಇಪ್ಪತ್ಮೂರು ವರ್ಷದ ಅವಳು ನಾಲ್ಕು ತಿಂಗಳಿಂದ ಅಪ್ಪನ ಪಕ್ಕದಲ್ಲಿ ಕೂತು ಇದೇ ಗಾಡಿಯಲ್ಲಿ ಡ್ರೈವಿಂಗ್ ಕಲಿಯುತ್ತಿದ್ದಳು. ಲೈಸೆನ್ಸಿನ ಪರೀಕ್ಷೆ ಅದೇ ಗುರುವಾರ ಹತ್ತು ಗಂಟೆಗೆ ಇತ್ತು. ಪಾಸಾದರೆ ಶುಕ್ರವಾರದಿಂದ ಮೊಟ್ಟೆ ಅವಳದು. ಫೇಲಾದರೆ ಮುಂದಿನ ಪರೀಕ್ಷೆ ಮೂರು ತಿಂಗಳ ನಂತರ.

ಪರೀಕ್ಷೆಯ ಇನ್‌ಸ್ಪೆಕ್ಟರಿಗೆ ಒಂದು ಪದ್ಧತಿಯಿತ್ತು. ಯಾರನ್ನೂ ಗಾಡಿ ಹತ್ತಿಸುವ ಮೊದಲು ತಾನೇ ಹತ್ತಿ ಕೂತು ಬ್ರೇಕನ್ನು ಒಂದು ಸಲ ತುಳಿಯುತ್ತಿದ್ದ. ಪೆಡಲ್ ಮೆತ್ತಗಿದ್ದರೆ ಗಾಡಿಯೂ ಮನೆಗೆ, ಓಡಿಸಲು ಬಂದವರೂ ಮನೆಗೆ.

"ಒಂದೇ ಸಲಾನಾ?" ಎಂದು ಕೇಳಿದ ಮೊಟ್ಟೆಯಣ್ಣ.

"ಒಂದೇ ಸಲ ಅಪ್ಪಾ. ಅವರಿಗೇನು ನಿಮ್ಮ ಗಾಡಿ ಮೇಲೆ ಪ್ರೀತೀನಾ?" ಎಂದಳು ಮಗಳು.

ಮಂಗಳವಾರ ಬೆಳಗ್ಗೆ ಬೇಕರಿಯವನ ತಮ್ಮ ಮೊಟ್ಟೆ ಹಾಕಿ ಬಂದ ಮೇಲೆ ಗ್ಯಾರೇಜಿನವನು ಮನೆಗೇ ಬಂದು ಗಾಡಿ ತೆಗೆದುಕೊಂಡು ಹೋದ. ಅಪ್ಪ ಮಗಳು ಆಟೋದಲ್ಲಿ ಹಿಂದೆಯೇ ಹೋದರು. ಅವರು ತಲುಪುವಾಗ ಗ್ಯಾರೇಜಿನವನು ಗಾಡಿಗೆ ಒರಗಿ ನೀರು ಕುಡಿಯುತ್ತಿದ್ದ.

"ಅಣ್ಣಾ, ಇದೇನು ಗಾಡಿನಾ, ದೋಣಿನಾ? ಗೇಟ್ ಹತ್ರ ತುಳಿದೆ, ಗೋಡೆ ಹತ್ರ ನಿಲ್ತು. ಗೋಡೆ ಇದ್ದಿದ್ದಕ್ಕೆ ನಿಲ್ತು."

"ಮೂರು ಸಲ ತುಳೀಬೇಕಪ್ಪ. ಗೊತ್ತಿಲ್ದೋರ ಕೈಗೆ ಕೊಟ್ರೆ ಹೀಗೇ."

ದೋಷ ಹುಡುಕಲು ಗ್ಯಾರೇಜಿನವನಿಗೆ ಹತ್ತು ನಿಮಿಷ ಸಾಕಾಯಿತು. ಹಿಂದಿನ ಎಡಚಕ್ರದ ಬಳಿ ಬ್ರೇಕ್ ಆಯಿಲ್ ಸೋರಿ, ಮೇಲಿನ ಡಬ್ಬಿ ಬರಿದಾಗಿ, ಪೈಪಿನೊಳಗೆ ಗಾಳಿ ಸೇರಿಕೊಂಡಿತ್ತು. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಕಾಲಿನ ಬಲವನ್ನು ನೇರ ಚಕ್ರಕ್ಕೆ ಮುಟ್ಟಿಸುತ್ತದೆ. ಗಾಳಿ ಕುಗ್ಗುತ್ತದೆ, ಬಲವನ್ನು ತಾನೇ ನುಂಗುತ್ತದೆ. ಸೋರುವ ಸೀಲ್ ಬದಲಾಯಿಸಿದ್ದಾಯಿತು. ಇನ್ನು ಗಾಳಿ ತೆಗೆಯಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ತುಳಿದು ಹಾಗೇ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ, ಗುಳ್ಳೆಗಳು ಆಯಿಲ್ ಜೊತೆ ಅದಕ್ಕೆ ಸಿಕ್ಕಿಸಿದ ಪಾರದರ್ಶಕ ಸಣ್ಣ ಪೈಪಿನಲ್ಲಿ ಹೊರಬಂದ ಮೇಲೆ ಬಿಗಿಯಬೇಕು. ಬಿಗಿಯುವವರೆಗೆ ಪೆಡಲ್ ಬಿಡಕೂಡದು.

"ನಾನು ಕೂರ್ತೀನಿ," ಎಂದ ಮೊಟ್ಟೆಯಣ್ಣ.

"ಅಪ್ಪಾ, ಡಾಕ್ಟ್ರು ಬೇಡ ಅಂದಿದ್ದಾರೆ."

"ಡಾಕ್ಟ್ರು ಓಡಿಸ್ಬೇಡ ಅಂದಿದ್ದು. ನಿಂತಿರೋ ಗಾಡೀಲಿ ತುಳಿಯೋದು ಒಂದು ತುಳಿತಾನಾ?"

ಗ್ಯಾರೇಜಿನವನು ಚಕ್ರದ ಹಿಂದೆ ಮಲಗಿದ. "ತುಳೀರಿ ಅಣ್ಣಾ... ಹಿಡೀರಿ... ಹಾಂ, ಬಿಡಿ." ನಾಲ್ಕು ಚಕ್ರಗಳಿಗೂ ಇದೇ ಮಂತ್ರವಾಯಿತು. ಎದ್ದು ಬಂದು ಪೆಡಲ್ ಒತ್ತಿ ನೋಡಿದರೆ ಅದೇ ದಿಂಬು. ಮತ್ತೆ ಒಂದು ಸುತ್ತು, ದಿಂಬು. ಮೂರನೆಯ ಸುತ್ತಿಗೆ ಆಯಿಲ್ ಬಾಟಲಿ ಖಾಲಿಯಾಯಿತು, ಗ್ಯಾರೇಜಿನವನ ತಾಳ್ಮೆಯೂ.

"ಪೆಡಲ್ ಹಿಂದಿನಿಂದ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರೇ ಹೋಗಿದೆ ಅಣ್ಣಾ. ಹೊಸದು ತರಿಸ್ಬೇಕು. ನಾಲ್ಕು ದಿನ ಆಗುತ್ತೆ."

ಮೊಟ್ಟೆಯಣ್ಣ ಬೆರಳು ಮಡಿಸಿದ. ಬುಧ, ಗುರು, ಶುಕ್ರ, ಶನಿ. ಎರಡನೆಯ ಬೆರಳಿಗೇ ಪರೀಕ್ಷೆ ಮುಗಿದಿರುತ್ತಿತ್ತು. ಅವನು ಸ್ಟೀರಿಂಗನ್ನು ಅಂಗೈಯಿಂದ ಒರೆಸುತ್ತ ಕೂತ.

ಮಗಳು ಅಷ್ಟು ಹೊತ್ತೂ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಆ ಸಣ್ಣ ಪೈಪನ್ನೇ ನೋಡುತ್ತಿದ್ದಳು. ಹೊರಗೆ ಬಂದ ಗುಳ್ಳೆಯೊಂದು ಅರ್ಧ ದಾರಿಯಲ್ಲಿ ನಿಂತು, ಏನೋ ಮರೆತು ಬಂದವರಂತೆ ಸರ್ರನೆ ಒಳಗೆ ಹೋದದ್ದನ್ನು ಅವಳು ಎರಡು ಸಲ ಕಂಡಿದ್ದಳು.

"ಅಪ್ಪಾ, ಅವರು ಹಿಡೀರಿ ಅಂದಾಗ ನೀವೇನು ಮಾಡ್ತೀರಾ?"

"ಹಿಡೀತೀನಿ. ಇನ್ನೇನು, ಹಾಡು ಹೇಳ್ತೀನಾ?"

"ಇನ್ನೊಂದ್ಸಲ ಮಾಡಿ. ನಾನು ನಿಮ್ಮ ಕಾಲು ನೋಡ್ತೀನಿ."

ಹೊಸ ಬಾಟಲಿ ಬಂತು. ಗ್ಯಾರೇಜಿನವನು ಮತ್ತೆ ಮಲಗಿದ. "ತುಳೀರಿ... ಹಿಡೀರಿ." ಮೊಟ್ಟೆಯಣ್ಣ ಹಲ್ಲು ಕಚ್ಚಿ ಹಿಡಿದ. ಹಿಡಿದದ್ದು ಹಲ್ಲು ಮಾತ್ರ. ಕಾಲು ತನ್ನ ಪಾಡಿಗೆ ತಾನು ಮೇಲೆದ್ದು ಇಳಿಯಿತು, ಮತ್ತೆ ಎದ್ದು ಇಳಿಯಿತು.

"ಎತ್ತಿದ್ರಿ!"

"ನಾನೆಲ್ಲಿ ಎತ್ತಿದೆ?"

"ನೀವು ಎತ್ತಿಲ್ಲ ಅಪ್ಪಾ. ಕಾಲು ಎತ್ತಿತು."

ಗ್ಯಾರೇಜಿನವನು ಚಕ್ರದ ಹಿಂದಿನಿಂದ ತಲೆ ಹೊರಹಾಕಿದ. ಮುಖದ ತುಂಬ ಆಯಿಲ್. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಸುಮ್ನೆ ಹೇಳಿಲ್ಲ! ನಾನು ಗಾಳಿ ಹೊರಗೆ ಹಾಕ್ತಿದ್ದೀನಿ, ನೀವು ಒಳಗೆ ಎಳ್ಕೋತಿದ್ದೀರಾ. ಪಾಪ, ಆ ಸಿಲಿಂಡರ್ ಮೇಲೆ ಗೂಬೆ ಕೂರಿಸ್ಬಿಟ್ಟಿದ್ದೆ."

ಮೊಟ್ಟೆಯಣ್ಣನನ್ನು ಟೈರಿನ ಮೇಲೆ ಕೂರಿಸಿ ಮಗಳು ಒಳಗೆ ಕೂತಳು. ಅವಳ ಕಾಲಿಗೂ ನಾಲ್ಕು ತಿಂಗಳ ಪಾಠ ಆಗಿತ್ತು. ಮೊದಲ ಸಲ ಅದೂ ಕುಣಿಯಹೊರಟಿತು. ಅವಳು ಎಡಗಾಲನ್ನು ಬಲಗಾಲಿನ ಮೇಲೆ ಹೇರಿ, ಪುಂಡ ಕರುವನ್ನು ಅದುಮಿ ಹಿಡಿದಂತೆ ಹಿಡಿದಳು. ನಾಲ್ಕನೆಯ ಚಕ್ರ ಮುಗಿಯುವಾಗ ಪೆಡಲ್ ಕಲ್ಲಾಗಿತ್ತು.

ಆದರೆ ಕಲ್ಲಾದ ಪೆಡಲಿಗೆ ಈಗ ಹೊಸ ಕಾಲು ಬೇಕಿತ್ತು. ಸಂಜೆ ಅಭ್ಯಾಸಕ್ಕೆ ಹೊರಟಾಗ ಹೆಂಡತಿ ಹಿಂದೆ ಒಂದು ಟ್ರೇ ಮೊಟ್ಟೆ ಇಟ್ಟಳು. "ನಿಮ್ಮಿಬ್ಬರ ಮಾತು ನಾನು ನಂಬಲ್ಲ. ಮೊಟ್ಟೆ ಹೇಳ್ಲಿ."

ದರ್ಜಿ ಅಂಗಡಿ ಬಂತು. "ತುಳಿ!" ಎಂದು ಮೊಟ್ಟೆಯಣ್ಣ ಕೂಗಿದ. ಮಗಳು ಕಲಿತಂತೆಯೇ ತುಳಿದಳು. ಗಾಡಿ ಅಲ್ಲೇ, ಆ ಅಂಗುಲದಲ್ಲೇ ನಿಂತಿತು. ಬೆಲ್ಟ್ ಇಲ್ಲದಿದ್ದರೆ ಮೊಟ್ಟೆಯಣ್ಣ ಒಬ್ಬನೇ ಬೇಕರಿಯವರೆಗೆ ಹೋಗಿರುತ್ತಿದ್ದ. ಇಷ್ಟು ಕಾಲ ಈ ಗಾಡಿ ತಲೆದೂಗುತ್ತ ಮುಂದೆ ಹೋಗುವುದನ್ನೇ ಕಂಡಿದ್ದ ದರ್ಜಿ, ಕೊರಳಲ್ಲಿ ಅಳತೆಪಟ್ಟಿಯೊಂದಿಗೆ ಓಡಿ ಬಂದ.

"ಏನಣ್ಣಾ, ಏನಾದ್ರೂ ಹೊಲಿಸೋದಿತ್ತಾ?"

ಹಿಂದೆ ಹನ್ನೊಂದು ಮೊಟ್ಟೆ ಒಡೆದಿದ್ದವು. ರಾತ್ರಿ ಊಟಕ್ಕೆ ಮೊಟ್ಟೆ. ಬುಧವಾರ ಬೆಳಗ್ಗೆ ನಾಲ್ಕು ಒಡೆದವು; ತಿಂಡಿಗೂ ಮೊಟ್ಟೆ. ಮಧ್ಯಾಹ್ನ ಮಗಳಿಗೆ ಒಂದು ಉಪಾಯ ಹೊಳೆಯಿತು. ಅಪ್ಪನ ಬಾಯಿ ಮುಚ್ಚಿಸಿದರೂ ಅವನ ಕಾಲು ಪಕ್ಕದಲ್ಲಿ ರಬ್ಬರ್ ಹಾಸನ್ನು ತುಳಿಯುತ್ತಲೇ ಇತ್ತು, ಅದನ್ನು ಕಂಡು ಅವಳ ಕಾಲೂ ಎದ್ದು ಕೂರುತ್ತಿತ್ತು. ಅವಳು ಟ್ರೇಯನ್ನು ಹಿಂದಿನಿಂದ ತಂದು ಅಪ್ಪನ ಕಾಲಡಿಗೇ ಇಟ್ಟಳು.

"ಈಗ ತುಳೀರಿ ನೋಡೋಣ."

ಮೊಟ್ಟೆಯಣ್ಣ ಎರಡು ತಾಸು ಪಾದಗಳನ್ನು ಟ್ರೇಯ ಅಂಚಿನಾಚೆ ಅಗಲಿಸಿಟ್ಟುಕೊಂಡು, ಕಾದ ಹೆಂಚಿನ ಪಕ್ಕ ಕೂತವನಂತೆ ಕೂತ. ಇಪ್ಪತ್ತಾರು ಅಂಗಡಿಗಳ ಮುಂದೆ ಗಾಡಿ ಇಪ್ಪತ್ತಾರು ಸಲ ನಿಂತಿತು. ಬೇಕರಿಯ ಮುಂದೆ ನಿಂತದ್ದು ಅವನಿಗೆ ಗೊತ್ತೇ ಆಗಲಿಲ್ಲ. ಗೊತ್ತಾದಾಗ, "ಚೆನ್ನಾಗಿ ನಿಲ್ಲಿಸ್ದೆ," ಎಂದಷ್ಟೇ ಹೇಳಿದ.

ಗುರುವಾರ ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಗಾಡಿ ಹತ್ತಿ ಒಂದು ಸಲ ತುಳಿದ. ಪೆಡಲ್ ಅರ್ಧ ದಾರಿಯಲ್ಲೇ ಅವನ ಬೂಟನ್ನು ತಡೆಯಿತು. ಅವನು ಪಕ್ಕಕ್ಕೆ ಸರಿದು ಮಗಳನ್ನು ಕರೆದ. ಮೈದಾನದ ಕೊನೆಯ ಬಿಳಿಗೆರೆಗೆ ಗಾಡಿ ಬರುವಾಗ ಬೆಂಚಿನ ಮೇಲಿದ್ದ ಮೊಟ್ಟೆಯಣ್ಣ ಕಣ್ಣು ಮುಚ್ಚಿಕೊಂಡ. ತೆರೆದಾಗ ಮುಂದಿನ ಚಕ್ರ ಗೆರೆಗಿಂತ ಒಂದು ಗೇಣು ಹಿಂದೆ ನಿಂತಿತ್ತು, ಗಾಡಿ ತಲೆ ಕೂಡ ಆಡಿಸಿರಲಿಲ್ಲ.

ಇನ್‌ಸ್ಪೆಕ್ಟರ್ ಇಳಿದು ಬಂದು ಬೆಂಚಿನ ಮೇಲೇ ಕಾಗದ ಇಟ್ಟು ಸಹಿ ಹಾಕಿದ.

"ಬ್ರೇಕ್ ಮೇಲೆ ಒಳ್ಳೆ ಹಿಡಿತ ಇದೆಯಮ್ಮ. ಯಾರು ಕಲಿಸಿದ್ದು?"

"ಅಪ್ಪ," ಎಂದಳು ಮಗಳು.

"ಹೌದಾ! ಎಷ್ಟು ದಿನ ಕಲಿಸಿದ್ರಿ ಯಜಮಾನ್ರೇ?"

ಮೊಟ್ಟೆಯಣ್ಣ ಮಗಳ ಮುಖ ನೋಡಿದ. ಸುಮ್ಮನಿರಿ ಎಂದು ಅವಳು ಕಣ್ಣಲ್ಲೇ ಬೇಡಿಕೊಂಡಳು. ಆದರೆ ಲೆಕ್ಕ ಕೇಳಿದರೆ ತಪ್ಪು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಎದ್ದು ನಿಂತು, ಪರೀಕ್ಷೆಗೆ ಕಾಯುತ್ತಿದ್ದವರ ಸಾಲಿನ ಕೊನೆಯವನಿಗೂ ಕೇಳುವಂತೆ ಹೇಳಿದ:

"ನಾನು ಕಲಿಸಿದ್ದು ನಾಲ್ಕು ತಿಂಗಳು ಸಾರ್. ಅವಳು ಅದನ್ನ ಮರೆತು ಓಡಿಸೋಕೆ ಕಲಿತಿದ್ದು ಎರಡು ದಿನ."